ಮಂಚಗಳಿಗೆ ಅಂಚು ಹೊಲಿದವಳು

ನೆರೆ ಇಳಿದ ಮೂರನೆಯ ದಿನ ಟೈಲರಕ್ಕ ಅಂಗಡಿಯ ಬಾಗಿಲು ತೆಗೆದಾಗ ಗುಂಡಿಗಳ ಡಬ್ಬಿಯಲ್ಲಿ ಒಂದು ಮೀನಿತ್ತು. ಕಿರುಬೆರಳಿನಷ್ಟು ಮೀನು. ಡಬ್ಬಿಯಲ್ಲಿ ನಿಂತ ನೀರಲ್ಲಿ, ಬಿಳಿ ಗುಂಡಿ ಕೆಂಪು ಗುಂಡಿಗಳ ಮೇಲೆ, ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಅವಳು ಅದನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆ ವಾರ ಊರಿನಲ್ಲಿ ಯಾವುದೂ ಪೂರ್ತಿ ನಿಜ ಅನ್ನಿಸುತ್ತಿರಲಿಲ್ಲ. ಬೀದಿಯ ತುಂಬ ನಿಂತ ನೀರಲ್ಲಿ ಆಕಾಶ ಬಿದ್ದುಕೊಂಡಿತ್ತು, ಜನ ಅದರ ಮೇಲೆಯೇ ಮೆಲ್ಲಗೆ ಹೆಜ್ಜೆಯಿಟ್ಟು ನಡೆಯುತ್ತಿದ್ದರು. ಎದುರಿಗೆ ನಿಂತವರ ಮಾತೂ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು.

ಅಂಗಡಿ ಅಂದರೆ ಮನೆಯ ಕೆಳಗಿನ ಕೋಣೆ. ಮೇಲೆ ಅವಳು ಮತ್ತು ಅವಳ ಅತ್ತೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಡುವೆ ಇದ್ದವನೇ ಹೋದ ಮೇಲೆ ಇನ್ನೂ ಸೊಸೆಯ ಜೊತೆ ಯಾಕೆ ಎಂದು ನೆಂಟರು ಕೇಳಿದಾಗ ಅತ್ತೆ, "ಮತ್ತೆ ಜಗಳ ಯಾರ ಹತ್ರ ಆಡ್ಲಿ?" ಅಂದಿದ್ದರು. ನೀರು ಏರಿ ಬರುವಾಗ ಆ ಎಪ್ಪತ್ತೆರಡರ ಮುದುಕಿಯೇ ಒಂದು ಕಡೆ ಹಿಡಿದು, ಇಬ್ಬರೂ ಸೇರಿ ಹೊಲಿಗೆ ಯಂತ್ರವನ್ನು ಮಹಡಿಗೆ ಹತ್ತಿಸಿದ್ದರು. ಇಡೀ ಬೀದಿಯಲ್ಲಿ ಉಳಿದ ಯಂತ್ರ ಅದೊಂದೇ.

ನೆರೆಯ ನೀರು ಬಾವಿಗಳಿಗೂ ಇಳಿದಿತ್ತು. ಐದನೆಯ ದಿನ ವಾಂತಿಭೇದಿ ಶುರುವಾಯಿತು, ಏಳನೆಯ ದಿನ ಅದು ಕಾಲರಾ ಎಂದು ಗೊತ್ತಾಯಿತು. ಹೊರಗಿನಿಂದ ಪರಿಹಾರ ತಂಡದವರು ಬಂದು ಶಾಲೆಯ ಬೆಂಚುಗಳನ್ನು ಹೊರಗಿಟ್ಟು ತರಗತಿಗಳನ್ನೇ ಆಸ್ಪತ್ರೆ ಮಾಡಿದರು. ಮರುದಿನ ಆ ತಂಡದ ನರ್ಸ್, ಎಲ್ಲರೂ ಸಿಸ್ಟರ್ ಅನ್ನುತ್ತಿದ್ದವರು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಅಂಗಡಿಗೆ ಬಂದರು.

"ಹೊಲಿಯೋರು ನೀವೇನಾ?"

"ಹೌದು. ಏನು ಹೊಲೀಬೇಕು?"

"ತೂತು," ಅಂದರು ಸಿಸ್ಟರ್.

ಆಮೇಲೆ ಬಿಡಿಸಿ ಹೇಳಿದರು. ರೋಗಿ ಗಳಿಗೆಗೊಮ್ಮೆ ಎದ್ದು ಹೋಗಲಾರ. ಅದಕ್ಕೇ ಕ್ಯಾನ್ವಾಸ್ ಮಂಚದ ನಡುವೆ ಒಂದು ತೂತು, ಕೆಳಗೊಂದು ಬಕೆಟ್. ಮೈಯಿಂದ ಎಷ್ಟು ನೀರು ಹೋಯಿತೆಂದು ಬಕೆಟ್ ನೋಡಿದರೆ ತಿಳಿಯುತ್ತದೆ, ಅಷ್ಟೇ ಉಪ್ಪು ಸಕ್ಕರೆಯ ನೀರನ್ನು ಕುಡಿಸಿದರೆ ಮನುಷ್ಯ ಉಳಿಯುತ್ತಾನೆ. ಆದರೆ ಚಾಕುವಿನಿಂದ ಕೊಯ್ದ ಬಟ್ಟೆ ಹರಿಯುತ್ತ ಹೋಗುತ್ತಿತ್ತು. "ಬೆಳಿಗ್ಗೆ ಒಬ್ಬರು ಮಂಚದ ಮೇಲೆ ಮಲಗಿದ್ದೋರು ಮಂಚದ ಕೆಳಗೇ ಹೋದ್ರು."

ಟೈಲರಕ್ಕ ಊಟದ ತಟ್ಟೆಯನ್ನು ಬೋರಲು ಹಾಕಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಳು. ಹೊಸ ಬಟ್ಟೆ. ಕತ್ತರಿ ಹಿಡಿದ ಕೈ ಒಂದು ಕ್ಷಣ ತಡೆಯಿತು, ಆಮೇಲೆ ನಡೆಯಿತು. ಅಂಚಿಗೆ ಎರಡು ಮಡಿಕೆಯ ಪಟ್ಟಿ ಕೊಟ್ಟು ಎರಡು ಸುತ್ತು ಹೊಲಿದಳು. ಎರಡು ದಿನದಲ್ಲಿ ನಲವತ್ತು ಮಂಚ. ಕಾಲು ತುಳಿಯುತ್ತಲೇ ಇರುತ್ತಿತ್ತು, ಮನಸ್ಸು ಇನ್ನೆಲ್ಲೋ ತೇಲುತ್ತಿತ್ತು. ಕಣ್ಣು ಮುಚ್ಚಿದರೂ ಕಾಣುತ್ತಿದ್ದದ್ದು ದುಂಡಗಿನ ಬೆಳಕು.

ಮಂಚಗಳನ್ನು ಒಪ್ಪಿಸಲು ಹೋದಾಗ ಎದುರು ಅಂಗಡಿಯ ಇಸ್ತ್ರಿಯವನು ಅಲ್ಲಿ ಮಲಗಿದ್ದ. ಅವಳನ್ನು ಕಂಡದ್ದೇ ಗೋಡೆಯ ಕಡೆ ಹೊರಳಿದ. ಕೆಳಗಿನ ಬಕೆಟ್ ಎಲ್ಲರಿಗೂ ಕಾಣುತ್ತಿತ್ತು. ಇಪ್ಪತ್ತು ವರ್ಷ ಬೀದಿಯವರ ಅಂಗಿಯ ಮಡಿಕೆ ಕೆಡದಂತೆ ನೋಡಿಕೊಂಡವನಿಗೆ ಅದು ರೋಗಕ್ಕಿಂತ ದೊಡ್ಡ ಸಂಕಟವಾಗಿತ್ತು. ಅವಳು ಮನೆಗೆ ಬಂದಳು. ಹಳೆಯ ಪರದೆಗಳನ್ನೆಲ್ಲ ಕುದಿಸಿ, ಒಣಗಿಸಿ, ನೆರಿಗೆ ಹಿಡಿದು, ಮಂಚದ ಸುತ್ತ ನೆಲದವರೆಗೆ ಇಳಿಬೀಳುವಂತೆ ಲಾಡಿ ಹಚ್ಚಿ ಹೊಲಿದಳು. ಮರುದಿನ ಮೊದಲು ಕಟ್ಟಿದ್ದು ಅವನ ಮಂಚಕ್ಕೆ.

ಅವನು ತಲೆ ಎತ್ತಿ ನೋಡಿದ. "ಮಂಚಕ್ಕೂ ಲಂಗ ತೊಡಿಸಿದ್ದೀಯಾ ಅಕ್ಕಾ? ನೆರಿಗೆ ಸರಿಯಾಗಿ ಕೂತಿಲ್ಲ. ಎದ್ದ ಮೇಲೆ ಇಸ್ತ್ರಿ ಹಾಕಿ ಕೊಡ್ತೀನಿ."

ಅವನು ಏಳಲಿಲ್ಲ. ಕಾಯಿಲೆಯನ್ನು ಎರಡು ದಿನ ಮನೆಯಲ್ಲೇ ಮುಚ್ಚಿಟ್ಟುಕೊಂಡು ತಡವಾಗಿ ಬಂದಿದ್ದ. ಅವನ ಮಂಚದ ಬಟ್ಟೆಯನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ ಹಗ್ಗಕ್ಕೆ ಹಾಕಿದವಳು ಟೈಲರಕ್ಕನೇ. ಅಳು ಬರಲಿಲ್ಲ. ಬರಬೇಕಿತ್ತು ಅನ್ನಿಸಿತು, ಅಷ್ಟೇ.

ಅದೇ ವಾರ ಒಂದು ಮಧ್ಯಾಹ್ನ ಅವಳು ಮನೆಗೆ ಬಂದರೆ ಅತ್ತೆ ಮೆಟ್ಟಿಲ ಮೇಲೆ ಕುಸಿದಿದ್ದರು. ಕಣ್ಣು ಗುಳಿ ಬಿದ್ದಿತ್ತು. ಕೈಯ ಚರ್ಮ ಹಿಡಿದೆತ್ತಿ ಬಿಟ್ಟರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ಕಾಯಿಸಿದ ನೀರು ಸಪ್ಪೆ ಎಂದು, ಸೊಸೆಗೆ ಕಾಣದಂತೆ, ಬಾವಿಯ ನೀರನ್ನೇ ಕುಡಿದಿದ್ದರು.

ಶಾಲೆಯಲ್ಲಿ ಅತ್ತೆಯನ್ನು ಅವಳು ಹೊಲಿದ ಮಂಚದ ಮೇಲೆಯೇ ಮಲಗಿಸಿದರು. ಮೊದಲು ಡ್ರಿಪ್. ಗುಟುಕು ಇಳಿಯುವಂತಾದಾಗ ಸಿಸ್ಟರ್ ಉಪ್ಪು ಸಕ್ಕರೆಯ ಪೊಟ್ಟಣ ಕಲಸಿದ ನೀರನ್ನು ಅವಳ ಕೈಗೆ ಕೊಟ್ಟು, "ಚಮಚ ಚಮಚವಾಗಿ. ನಿಲ್ಲಿಸಬೇಡಿ," ಅಂದರು.

ಅವಳು ನಿಲ್ಲಿಸಲಿಲ್ಲ. ಕರಿಹಲಗೆಯ ಮೇಲೆ ಯಾವುದೋ ಮಗು ಬರೆದಿದ್ದ ಅರ್ಧ ಲೆಕ್ಕ ಹಾಗೇ ಇತ್ತು. ಕಿಟಕಿಯಿಂದ ಬಿಸಿಲೂ ಕ್ಲೋರಿನ್ ವಾಸನೆಯೂ ಒಟ್ಟಿಗೆ ಒಳಗೆ ಬರುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಶಾಲೆಯೇ ನೆಲ ಬಿಟ್ಟು ಎದ್ದಂತೆ, ಲಂಗ ತೊಟ್ಟ ಮಂಚಗಳನ್ನೆಲ್ಲ ಹೊತ್ತು ನದಿಯ ಮೇಲೆ ಸದ್ದಿಲ್ಲದೆ ಸಾಗಿದಂತೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಕೈ ಮಾತ್ರ ಲೋಟದಿಂದ ತುಟಿಗೆ, ತುಟಿಯಿಂದ ಲೋಟಕ್ಕೆ ಹೋಗಿ ಬರುತ್ತಿತ್ತು.

ಸಂಜೆಯ ಹೊತ್ತಿಗೆ ಅತ್ತೆಯ ತುಟಿ ಅಲುಗಿತು.

"ಉಪ್ಪು ಜಾಸ್ತಿ. ನಿನ್ನ ಕೈ ಯಾವತ್ತೂ ಇಷ್ಟೇ."

"ಇದು ನಾನು ಮಾಡಿದ್ದಲ್ಲ ಅತ್ತೆ. ಸಿಸ್ಟರ್ ಕಲಸಿದ್ದು."

"ಹಾಗಾದ್ರೆ ಪರವಾಗಿಲ್ಲ. ಕೊಡು."

ಆಗ ಅವಳಿಗೆ ಅಳು ಬಂತು. ಇಸ್ತ್ರಿಯವನ ಪಾಲಿನದೂ ಸೇರಿಯೇ ಬಂತು. ಚಮಚ ತಪ್ಪಿ ನೀರು ಅತ್ತೆಯ ಗಲ್ಲದ ಮೇಲೆ ಚೆಲ್ಲಿತು, ಅದಕ್ಕೂ ಬೈಸಿಕೊಂಡಳು.

ಮೂರನೆಯ ದಿನ ಅತ್ತೆ ಜಗಲಿಗೆ ಬಂದು ಕೂತರು. ಆಟದ ಮೈದಾನದಲ್ಲಿ ತೊಳೆದ ಕ್ಯಾನ್ವಾಸುಗಳು ಸಾಲಾಗಿ ಗಾಳಿಗೆ ತೂಗುತ್ತಿದ್ದವು. ಒಂದೊಂದರ ತೂತಿನಿಂದಲೂ ಬಿಸಿಲು ಇಳಿದು, ಅವುಗಳ ನೆರಳಿನ ನಡುವೆ ಒಂದೊಂದು ಬೆಳಕಿನ ಬಿಲ್ಲೆ ಕುಣಿಯುತ್ತಿತ್ತು. ಅತ್ತೆ ಅವನ್ನೇ ನೋಡಿದರು.

"ಮಲಗಿದಾಗ ಅಂಚು ಒತ್ತಲಿಲ್ಲ," ಅಂದರು. "ಹೊಲಿಗೆ ಬರುತ್ತೆ ನಿನಗೆ."

ಆ ಶಾಲೆಗೆ ಬಂದವರು ನೂರಾ ಹನ್ನೆರಡು ಮಂದಿ. ಒಂಬತ್ತು ಜನ ಉಳಿಯಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಬೆಂಚುಗಳು ಒಳಗೆ ಹೋದವು. ನದಿಯ ಕೆಳಗಿನ ಇನ್ನೊಂದು ಊರಿನಲ್ಲಿ ಕಾಯಿಲೆ ಎದ್ದಿದೆಯೆಂದು ಮಂಚಗಳನ್ನು ಲಾರಿಗೆ ಹೇರುವಾಗ ಸಿಸ್ಟರ್ ಕೇಳಿದರು, "ಅಲ್ಲಿನ ಟೈಲರುಗಳಿಗೆ ನೀವೇ ಬಂದು ಹೇಳಿಕೊಡ್ತೀರಾ?"

ಊರಿನ ಗಡಿ ದಾಟಿ ಕೆಲಸಕ್ಕೆಂದು ಎಂದೂ ಹೋಗದವಳು ಅತ್ತೆಯ ಮುಖ ನೋಡಿದಳು.

"ನನ್ನ ಮುಖದಲ್ಲಿ ಏನು ಬರೆದಿದೆ? ಹೋಗು," ಅಂದರು ಅತ್ತೆ.

ಅವಳು ಹಿಂದಿರುಗಿದ್ದು ಹನ್ನೆರಡನೆಯ ದಿನ. ಅಷ್ಟರಲ್ಲಿ ಸೊಸೆ ಡಾಕ್ಟರಿಕೆಗೆ ಹೋಗಿದ್ದಾಳೆಂದು ಅತ್ತೆ ಬೀದಿಗೆಲ್ಲ ಹೇಳಿಯಾಗಿತ್ತು. ಕೆಮ್ಮು ತೋರಿಸಲು ಇಬ್ಬರು ಬಾಗಿಲಲ್ಲಿ ಕಾದಿದ್ದರು. ಟೈಲರಕ್ಕ ನಗುತ್ತ ಮೆಟ್ಟಿಲು ಹತ್ತಿ, ಕಾಲು ತೊಳೆದು ಮಲಗಿದವಳು ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಕೆಳಗೆ ಅತ್ತೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳನ್ನೆಲ್ಲ ಪಿಸುದನಿಯಲ್ಲೇ ಗದರಿಸಿ ವಾಪಸ್ಸು ಕಳಿಸುತ್ತಿದ್ದರು.