ಹಳೇ ಪ್ರೊಸೆಸರ್ ಮುಂದೆ ಕೂತ ಅತ್ತಿಗೆ

ನಮ್ಮ ಅತ್ತಿಗೆ ಇನ್ನೂ ತಯಾರಾಗದ ಕೋಣೆಗಳ ಒಳಗೆ ಜನರನ್ನು ಓಡಾಡಿಸುತ್ತಾರೆ. ಮಂತ್ರವಿದ್ಯೆಯಲ್ಲ, ಹೊಟ್ಟೆಪಾಡು. ಬೀರು, ಸೋಫಾ, ಅಡುಗೆಮನೆ ಕಪಾಟು ಮಾಡಿಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಕಂಪ್ಯೂಟರಿನ ಮುಂದೆ ಅವರ ಕುರ್ಚಿ. ಗಿರಾಕಿ ತನ್ನ ಮನೆಯ ಅಳತೆ ಕೊಟ್ಟರೆ ಸಾಕು, ಅತ್ತಿಗೆ ಆ ಕೋಣೆಯನ್ನು ಪರದೆಯ ಮೇಲೆ ಎಬ್ಬಿಸಿ, ಬೀರು ನಿಲ್ಲಿಸಿ, ಮೌಸ್ ಹಿಡಿದು ಅವರನ್ನು ಒಳಗೆಲ್ಲ ಸುತ್ತಾಡಿಸುತ್ತಾರೆ. ಬೀರಿನ ಬಾಗಿಲು ತೆಗೆದು ತೋರಿಸುತ್ತಾರೆ. ಗಿರಾಕಿ ಹಿಗ್ಗುತ್ತಾನೆ, ಮುಂಗಡ ಕೊಡುತ್ತಾನೆ.

ಅಂಗಡಿಯ ಮಾಲೀಕ ಜಗತ್ತನ್ನೆಲ್ಲ ಚದರಡಿಯಲ್ಲೇ ಅಳೆಯುವವನು. ಹಾಗಾಗಿ ಕೆಲಸದವರು ಅವನಿಗೆ ಇಟ್ಟ ಹೆಸರೂ ಚದರಡಿ. ಅತ್ತಿಗೆ ವಯಸ್ಸಿನಲ್ಲಿ ಅವನಿಗಿಂತ ದೊಡ್ಡವರು. ಆದರೂ ಅವನು ಕರೆಯುವುದು ಏಕವಚನದಲ್ಲಿ, ಮೇಲೊಂದು ‘ಅಮ್ಮ’ ಸೇರಿಸಿ. ಬೆಲ್ಲ ಸವರಿದ ಮಾತ್ರಕ್ಕೆ ಕಲ್ಲು ಮೆತ್ತಗಾಗುತ್ತದೆಯೇ?

ಕೆಲವು ತಿಂಗಳಿಂದ ಪರದೆಯ ಮೇಲಿನ ಕೋಣೆ ಕುಂಟತೊಡಗಿತ್ತು. ಎಡಕ್ಕೆ ತಿರುಗಿಸಿದರೆ ಒಂದು ಕ್ಷಣ ನಿಂತು, ಆಮೇಲೆ ದಬಕ್ಕನೆ ತಿರುಗುವುದು. ಪ್ರೊಸೆಸರ್ ಹಳೆಯದಾಯಿತು, ಅದನ್ನು ಬದಲಾಯಿಸಬೇಕು ಎಂದು ಅತ್ತಿಗೆ ಹೇಳಿದರು. ಅದನ್ನು ಬದಲಾಯಿಸುವುದೆಂದರೆ ಅದರಡಿಯ ಬೋರ್ಡನ್ನೂ ಬದಲಾಯಿಸಬೇಕು. ಇಷ್ಟೆಲ್ಲ ಮಾಡಿದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಚದರಡಿ ತಂದದ್ದು ಹೊಸ ಗ್ರಾಫಿಕ್ಸ್ ಕಾರ್ಡು. ಅದಕ್ಕೆ ಮೂರು ಫ್ಯಾನು, ಬಣ್ಣಬಣ್ಣದ ದೀಪ. ದೀಪ ಕಾಣಲೆಂದು ಕಂಪ್ಯೂಟರ್ ಪೆಟ್ಟಿಗೆಯ ಒಂದು ಪಕ್ಕಕ್ಕೆ ಗಾಜು ಹಾಕಿಸಿದ. ಕಣ್ಣಿಗೆ ಕಾಣುವುದಕ್ಕೆ ಮಾತ್ರ ಕೈ ಬಿಚ್ಚುವ ಜಾತಿ ಇದು. ಇದು ಎಲ್ಲ ಊರಿನಲ್ಲೂ ಸೊಂಪಾಗಿ ಬೆಳೆಯುತ್ತದೆ.

ಕಾರ್ಡು ಬಂತು, ಕುಂಟು ಹೋಗಲಿಲ್ಲ.

ಮನೆಯಲ್ಲಿ ನಮಗೆ ಅತ್ತಿಗೆ ಇದನ್ನು ಒಲೆಯ ಮುಂದೆ ನಿಂತೇ ಬಿಡಿಸಿ ಹೇಳಿದ್ದರು. ಒಲೆ ಎಷ್ಟು ಹಚ್ಚಿದರೇನು, ತರಕಾರಿ ಹೆಚ್ಚುವ ಕೈ ಒಂದೇ ತಾನೆ. ಪರದೆಯ ಮೇಲೆ ಏನೇನು ಚಿತ್ರ ಬಿಡಿಸಬೇಕೆಂದು ಒಂದೊಂದಾಗಿ ಹೇಳಿಕೊಡುವುದು ಪ್ರೊಸೆಸರ್. ಹೇಳಿದ್ದನ್ನು ಬಿಡಿಸುವುದಷ್ಟೇ ಕಾರ್ಡಿನ ಕೆಲಸ. ಹೇಳಿಕೊಡುವವನು ಮುದುಕನಾದರೆ ಬಿಡಿಸುವವನು ಎಷ್ಟೇ ಜಟ್ಟಿಯಾಗಿರಲಿ, ಕೈಕಟ್ಟಿ ಕಾಯುತ್ತಾನೆ. ಪಾತ್ರೆ ಒರೆಸುತ್ತಿದ್ದ ಅಣ್ಣ, “ನಮ್ಮನೇಲೂ ಅಷ್ಟೇ, ನೀನು ಹೇಳೋದು ನಿಂತ್ರೆ ನನ್ನ ಕೈಯೂ ನಿಲ್ಲುತ್ತೆ” ಎಂದ. ಅತ್ತಿಗೆ ನಗಲಿಲ್ಲ. ನಗುವಷ್ಟು ತ್ರಾಣವೂ ಆ ದಿನಗಳಲ್ಲಿ ಅವರಿಗೆ ಇರುತ್ತಿರಲಿಲ್ಲ.

ಏಕೆಂದರೆ ಕಾರ್ಡು ಮಾರಿದವನು ಚದರಡಿಗೆ ಒಂದು ವಿದ್ಯೆ ಹೇಳಿಕೊಟ್ಟು ಹೋಗಿದ್ದ. ಪರದೆಯ ಮೂಲೆಯಲ್ಲಿ ಕಾರ್ಡು ನೂರಕ್ಕೆ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಅಂಕಿ. ಚದರಡಿ ಚಹಾದ ಲೋಟ ಹಿಡಿದು ಅತ್ತಿಗೆಯ ಬೆನ್ನ ಹಿಂದೆ ಬಂದು ನಿಲ್ಲುವನು, ಅಂಕಿ ನೋಡುವನು. ಅದು ಮೂವತ್ತು ದಾಟುತ್ತಿರಲಿಲ್ಲ. ಯಂತ್ರ ಖಾಲಿ ಕೂತಿದೆ, ಹಾಗಾದರೆ ಇವಳು ಖಾಲಿ ಕೂತಿದ್ದಾಳೆ ಎಂಬುದು ಅವನ ಗಣಿತ. ಕಾರ್ಡಿನ ಸೋಮಾರಿತನ ಹೀಗೆ ಅತ್ತಿಗೆಯ ತಲೆಗೆ ಬಂತು.

ಅವರು ಕೈಕಟ್ಟಿ ಕೂರುವವರಲ್ಲ. ಒಂದು ದಿನ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಚಿತ್ರದ ಗಾತ್ರವನ್ನು ದುಪ್ಪಟ್ಟು ಮಾಡಿದರು. ಅಂಕಿ ತೊಂಬತ್ತಕ್ಕೆ ಜಿಗಿಯಿತು. ಕುಂಟು ಮಾತ್ರ ಇದ್ದಷ್ಟೇ, ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ. ಇಷ್ಟು ಹೊರೆ ಹೇರಿದರೂ ವೇಗ ಅಲ್ಲಾಡಲಿಲ್ಲವೆಂದ ಮೇಲೆ ತಡೆ ಕಾರ್ಡಿನದ್ದಲ್ಲ ಎಂದು ಯಾರಿಗಾದರೂ ಹೊಳೆಯಬೇಕು. ಚದರಡಿಗೆ ಹೊಳೆದದ್ದೇ ಬೇರೆ.

“ನೋಡಿದ್ಯಾ, ಈಗ ಹೆಂಗೆ ಕೆಲ್ಸ ಮಾಡ್ತಿದೆ! ಇಷ್ಟು ದಿನ ಇದನ್ನ ಯಾಕಮ್ಮ ಬಚ್ಚಿಟ್ಕೊಂಡಿದ್ದೆ?”

ಕುಂಟು ಹಾಗೇ ಇದೆಯಲ್ಲ ಸರ್ ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಂಗಡಿಗೆಲ್ಲ ಕೇಳುವಂತೆ ಅಂದ. ಈ ಗಾದೆ ಕಟ್ಟಿದವನು ಕುಣಿಯುವವನಂತೂ ಅಲ್ಲ, ನೆಲದ ಮಾಲೀಕನೇ ಇರಬೇಕು. ನೆಲ ಡೊಂಕಿರುವುದೂ ಉಂಟು ಸ್ವಾಮಿ. ಕುಣಿಯುವವರ ಕಾಲನ್ನು ಕೇಳಿ, ಹೇಳುತ್ತದೆ.

ಆ ವಾರವೇ ಒಬ್ಬ ಗಿರಾಕಿಯ ಹೆಂಡತಿ ಕುಂಟುವ ಕೋಣೆ ನೋಡುತ್ತ ನೋಡುತ್ತ ತಲೆ ಸುತ್ತಿ ಮೇಜಿಗೆ ಒರಗಿದಳು. ಬಂದ ವ್ಯಾಪಾರ ಎದ್ದು ಹೋಯಿತು. ನಾನು ಮಾಡಿಸುತ್ತಿರುವ ಹೊಸ ಷೋರೂಮ್ ಬಾಗಿಲು ತೆರೆಯುವುದರೊಳಗೆ ಕೋಣೆ ನೀರಿನಂತೆ ಹರಿಯಬೇಕು, ಇಲ್ಲದಿದ್ದರೆ ಈ ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ ಚದರಡಿ. ಅಣ್ಣ ಬೆನ್ನುನೋವಿಂದ ಲಿಫ್ಟ್ ರಿಪೇರಿಯ ಕೆಲಸ ಬಿಟ್ಟಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಆ ಕುರ್ಚಿಯಿಂದಲೇ.

ಪ್ರೊಸೆಸರ್ ಗಟ್ಟಿಯಾಗದಿದ್ದರೆ ಅದರ ಕೆಲಸವನ್ನಾದರೂ ಕಡಿಮೆ ಮಾಡಬೇಕು. ಅತ್ತಿಗೆ ಕಟ್ಟಿದ ಕೋಣೆಗಳಲ್ಲಿ ಪ್ರತಿ ಬಾಗಿಲು, ಪ್ರತಿ ಹಿಡಿಕೆ, ಕಪಾಟಿನ ಪ್ರತಿ ತಟ್ಟೆ ಬೇರೆಬೇರೆ ವಸ್ತು. ಮುದುಕ ಪ್ರೊಸೆಸರ್ ಒಂದೊಂದರ ಹೆಸರೂ ಕೂಗಬೇಕು. ಅತ್ತಿಗೆ ಅವನ್ನೆಲ್ಲ ಒಂದಕ್ಕೊಂದು ಅಂಟಿಸತೊಡಗಿದರು. ಇಡೀ ಬೀರು ಒಂದು ವಸ್ತು, ಇಡೀ ಅಡುಗೆಮನೆ ಒಂದು ವಸ್ತು. ಅಂಗಡಿಯಲ್ಲಿದ್ದ ಕೋಣೆಗಳಷ್ಟಕ್ಕೂ ಹೀಗೆ, ಕೈಯಿಂದಲೇ. ಮನೆಗೆ ಬಂದರೆ ಮಣಿಕಟ್ಟಿಗೆ ಬಿಸಿಬಟ್ಟೆ. ಅನ್ನ ಕಲಸಲೂ ಆಗದೆ ಚಮಚ ಹಿಡಿದರು. ಅಮ್ಮ ಚಮಚವನ್ನು ತಟ್ಟೆಯ ಪಕ್ಕದಲ್ಲೇ ಇಡತೊಡಗಿದಳು.

ಕೊನೆಗೂ ಕೋಣೆ ಹರಿಯಿತು, ಎಣ್ಣೆ ಸುರಿದ ಹಾಗೆ. ಚದರಡಿ ಗಾಜು ತಟ್ಟಿ ದೀಪ ತೋರಿಸಿ, ಎಲ್ಲ ಹೊಸ ಕಾರ್ಡಿನ ಮಹಿಮೆ ಎಂದು ಬಂದವರಿಗೆಲ್ಲ ಹೇಳಿದ. ಅತ್ತಿಗೆಗೆ ಸಿಕ್ಕಿದ್ದು ಮತ್ತೊಂದು ಮಾತು: ಪ್ರೊಸೆಸರ್ ಪ್ರೊಸೆಸರ್ ಅಂತ ಬಡ್ಕೊಂಡ್ಯಲ್ಲ, ಅದೇ ಪ್ರೊಸೆಸರಲ್ಲಿ ಓಡ್ತಿಲ್ವಾ? ದುಡಿದು ದುಡಿದು ಅವರು ಅಳಿಸಿದ್ದು ತಮ್ಮ ಸಾಕ್ಷಿಯನ್ನೇ.

ಷೋರೂಮ್ ತೆರೆದ ದಿನ ವಯಸ್ಸಾದ ಹೆಂಗಸೊಬ್ಬರು ಪರದೆಯ ಮೇಲಿನ ಬೀರಿನ ಮುಂದೆ ನಿಲ್ಲಿಸಲು ಹೇಳಿ, ಆ ಕೆಳಗಿನ ಡ್ರಾಯರ್ ಒಮ್ಮೆ ತೆಗೀಮ್ಮ ಎಂದರು.

“ಅದು ತೆಗಿಯೋಕೆ ಬರಲ್ಲ ಮೇಡಂ,” ಎಂದರು ಅತ್ತಿಗೆ. “ಅಂಟಿಸಿಬಿಟ್ಟಿದ್ದೀನಿ.”

“ತೆಗಿಯೋಕೆ ಬರದ ಬೀರು ತಗೊಂಡು ನಾನೇನು ಪೂಜೆ ಮಾಡ್ಲಾ?”

ಸುತ್ತ ನಿಂತವರು ನಕ್ಕರು. ಚದರಡಿಯ ಕಣ್ಣು ಕೆಂಪಾಯಿತು. ಅತ್ತಿಗೆ ತಿರುಗಿಯೂ ನೋಡದೆ, ಮೆಲ್ಲಗೆ ಹೇಳಿದರು: “ಡ್ರಾಯರ್ ತೆರೀಬೇಕಾದ್ರೆ ಪ್ರೊಸೆಸರ್ ಬೇಕು ಸರ್. ಬೀರು ತಿರುಗಿದ್ರೆ ಸಾಕು ಅನ್ನೋದಾದ್ರೆ ನನ್ನ ಕೈ ಸಾಕು.”

ಆ ಹೆಂಗಸು ಕೊಡದೆ ಹೋದ ಮುಂಗಡ ಮಾಡಿದ ಕೆಲಸವನ್ನು ಅತ್ತಿಗೆಯ ಮಾತು ಇಷ್ಟು ತಿಂಗಳಲ್ಲಿ ಮಾಡಿರಲಿಲ್ಲ. ಮರುವಾರ ಹೊಸ ಪ್ರೊಸೆಸರ್ ಬಂತು, ಬೋರ್ಡೂ ಬಂತು. ಅತ್ತಿಗೆ ಅಂಟಿಸಿದ್ದನ್ನೆಲ್ಲ ಬಿಡಿಸಿದರು. ಡ್ರಾಯರ್‌ಗಳು ತೆರೆದವು, ಕೋಣೆಯೂ ಹರಿಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಅಣ್ಣ ಗೆದ್ದೆಯಲ್ಲ ಎಂದ. ಅತ್ತಿಗೆ ಹೂಂ ಎಂದರು.

ನಾಲ್ಕು ದಿನ ಕಳೆದಿರಬೇಕು. ಉರಿಬಿಸಿಲಲ್ಲಿ ಬಾಗಿಲು ಸದ್ದಾಯಿತು. ಅತ್ತಿಗೆ ಚೀಲ ಇಳಿಸಿ, ಗೋಡೆ ಹಿಡಿದು ಚಪ್ಪಲಿ ಬಿಡುತ್ತಿದ್ದರು. ಅಮ್ಮ ಗಾಬರಿಯಾಗಿ ಎದ್ದಳು.

“ಯಾಕಮ್ಮ ಇಷ್ಟು ಬೇಗ? ಮೈ ಹುಷಾರಿಲ್ವಾ?”

“ನಾನು ಹುಷಾರಾಗಿದ್ದೀನಿ ಅತ್ತೆ. ಮಷೀನೂ ಹುಷಾರಾಯ್ತು. ಇನ್ಮೇಲೆ ಅರ್ಧ ದಿನ ಬಂದ್ರೆ ಸಾಕಂತೆ, ಅರ್ಧ ಸಂಬಳಕ್ಕೆ.”

ಅಮ್ಮ ತಟ್ಟೆ ತರಲು ಒಳಗೆ ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ಅತ್ತಿಗೆ ಬರಿ ನೆಲದ ಮೇಲೆ ಮಲಗಿ ನಿದ್ದೆ ಹೋಗಿದ್ದರು.