ಗದ್ದಕ್ಕೆ ಕೇಳಿಸುತ್ತಿದ್ದ ತಂತಿ

ತಂತಿ ಕುದಿಯುವ ವಾಸನೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಚಿಲ್ಲರೆ ಕಾಸು ಹಾಕಿಟ್ಟ ಹಳೇ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಒಂದು ತುಕ್ಕಿನ ವಾಸನೆ, ಅದರ ಜೊತೆಗೆ ಬೆವರು, ಎಣ್ಣೆ, ಬಿಸಿ ಆವಿ... ಕಳೆದ ಭಾನುವಾರ ಬೆಳಿಗ್ಗೆ ಪೀಳಮೇಡಿನ ನಮ್ಮ ಫ್ಲ್ಯಾಟಿನಲ್ಲಿ ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನೂ ಬಿಚ್ಚಿ, ಸುರುಳಿ ಸುತ್ತಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯಲು ಇಟ್ಟಿದ್ದೆ. ತಂತಿಯ ಸಂದಿಯಲ್ಲಿ ಕೂತ ಕೊಳೆ ಬಿಟ್ಟುಕೊಂಡರೆ ಸತ್ತ ತಂತಿಯೂ ಇನ್ನೊಂದಷ್ಟು ದಿನ ಮೊಳಗುತ್ತದೆ. ಹೊಸ ತಂತಿ ಬೇಕೆಂದರೆ ಫೋನಿನಲ್ಲಿ ಒತ್ತಿದರೆ ಎರಡು ದಿನಕ್ಕೆ ಬಾಗಿಲಿಗೇ ಬರುತ್ತದೆ. ತರಿಸಿ ತರಿಸಿ ನನಗೇ ಸಾಕಾಗಿದೆ.

"ಏನುಂಗ ಇದು, ಇಡ್ಲಿ ಇಡೋ ಒಲೆ ಮೇಲೆ ಕಂಬಿ ಬೇಯಿಸ್ತಿದ್ದೀರ" ಎಂದು ಹೆಂಡತಿ ಕಿಟಕಿ ತೆಗೆದಳು. ಆ ವಾಸನೆಗೆ ನನ್ನ ಮನಸ್ಸು ಆಗಲೇ ಕರುಮತ್ತಂಪಟ್ಟಿಯ ನಮ್ಮ ಹಳೇ ಬೀದಿಗೆ, ಎದುರು ಮನೆಯ ಮಾವನ ಹಿತ್ತಿಲಿಗೆ ಹೋಗಿಬಿಟ್ಟಿತ್ತು.

ಮಾವ ಎಂದರೆ ನೆಂಟಸ್ತಿಕೆಯೇನೂ ಅಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ನೇಕಾರರ ಮನೆಗಳೇ ಹೆಚ್ಚು. ವಯಸ್ಸಾದವರೆಲ್ಲ ಮಾವ, ಅವರ ಹೆಂಡತಿಯರೆಲ್ಲ ಅತ್ತೆ. ಕನ್ನಡ ಇದ್ದದ್ದು ನಾಲಿಗೆಯ ಮೇಲೆ ಮಾತ್ರ, ಓದಿಬರೆಯುವುದೆಲ್ಲ ತಮಿಳಿನಲ್ಲಿ. ನಾನು ತಡವಾಗಿ ಕನ್ನಡ ಅಕ್ಷರ ಕಲಿತು ಈಗ ಬರೆಯುತ್ತಿರುವುದನ್ನು ಮಾವ ಬದುಕಿದ್ದರೂ ಓದಲಾಗುತ್ತಿರಲಿಲ್ಲ. ಯಾರಾದರೂ ಓದಿ ಹೇಳಿದ್ದರೆ "ಇದನ್ನೆಲ್ಲ ಯಾಕೆ ಬರೀತೀಯ, ಬೇರೆ ಕೆಲಸ ಇಲ್ವಾ" ಎನ್ನುತ್ತಿದ್ದರು.

ಮಾವನಿಗೆ ಮನೆಯ ಹಿಂದೆ ಒಂದು ಶೆಡ್ಡು, ಅದರಲ್ಲಿ ಕೂಲಿಗೆ ಓಡುವ ಎಂಟು ವಿದ್ಯುತ್ ಮಗ್ಗ. ಮದುವೆ ಸೀಸನ್ ಬಂದರೆ ಸಂಜೆ ಸಂಜೆ ಒಂದು ವಾದ್ಯಗೋಷ್ಠಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸಲು ಹೋಗುತ್ತಿದ್ದರು. ಮದುಮಕ್ಕಳನ್ನು ಕೂರಿಸಿ ಹಳೇ ಸಿನಿಮಾ ಹಾಡು ಹಾಡುವ ತಂಡ ಅದು. ಮಾವನ ಗಿಟಾರಿನ ಬಣ್ಣ ಎಷ್ಟು ಉದುರಿಹೋಗಿತ್ತೆಂದರೆ ಮೊದಲು ಯಾವ ಬಣ್ಣ ಇತ್ತೆಂದು ಅವರಿಗೂ ನೆನಪಿರಲಿಲ್ಲ. ಪ್ರತಿ ಕಚೇರಿಯ ಹಿಂದಿನ ದಿನ ಹಿತ್ತಿಲ ಒಲೆಯ ಮೇಲೆ ತಂತಿ ಕುದಿಸುತ್ತಿದ್ದರು. ಅತ್ತೆ ಮೂಗು ಮುಚ್ಚಿಕೊಂಡು ನಮ್ಮ ಮನೆಗೆ ಬಂದು ಕೂರುತ್ತಿದ್ದರು.

ಆಗ ನಾನು ಕುರಿಚಿಯ ಒಂದು ಪಂಪ್ ಕಾರ್ಖಾನೆಯಲ್ಲಿ ಡ್ರಾಯಿಂಗ್ ವಿಭಾಗದಲ್ಲಿದ್ದೆ. ದಿನಾ ಎರಡು ಬಸ್ಸು ಬದಲಿಸಿ ಹೋಗಿ, ಎರಡು ಬಸ್ಸು ಬದಲಿಸಿ ವಾಪಸು. ಮನೆಗೆ ಬಂದರೆ ಮಾತಾಡುವುದಕ್ಕೂ ತ್ರಾಣ ಇರುತ್ತಿರಲಿಲ್ಲ. ಅಂಥ ದಿನಗಳಲ್ಲಿ, ಮೂವತ್ತು ದಾಟಿದ ಮೇಲೆ, ಯಾವ ಗ್ರಹಚಾರಕ್ಕೋ ಏನೋ, ಒಂದು ಹಳೇ ಬೇಸ್ ಗಿಟಾರನ್ನೂ ಅದರ ಸದ್ದು ಏರಿಸುವ ಒಂದು ಆಂಪನ್ನೂ ಕೊಂಡು ತಂದೆ. ಸ್ವಿಚ್ಚು ಹಾಕಿದ ಕೂಡಲೇ ಆಂಪು ಗುಂಯ್ ಎಂದು ಕೊರಗಲು ಶುರುಮಾಡುತ್ತಿತ್ತು. ಕೇಬಲ್ ಬದಲಿಸಿದೆ, ಪ್ಲಗ್ಗು ಬದಲಿಸಿದೆ, ತಲೆ ಕೆಟ್ಟುಹೋಯಿತು. ಕೊನೆಗೆ ಮಾವನನ್ನು ಕರೆದುಕೊಂಡು ಬಂದು ತೋರಿಸಿದೆ.

ಮಾವ ಆಂಪಿನ ಮೇಲೆ ಅಂಗೈ ಇಟ್ಟು ನೋಡಿದರು. "ನಮ್ಮ ಬೀದೀಲಿ ಕರೆಂಟಿನ ಅರ್ತ್ ಸರಿಯಿಲ್ಲ ಕಣ್ಣು, ಎಲ್ಲಾರ ಮನೇಲೂ ಹೀಗೇ. ಅದು ಅದರ ಪಾಡಿಗೆ ಅಳ್ಲಿ, ನೀ ನಿನ್ನ ಪಾಡಿಗೆ ಬಾರ್ಸು" ಎಂದರು. ಪ್ರೀತಿಯಿಂದ ಕರೆಯುವಾಗ ನಮ್ಮ ಕಡೆ 'ಕಣ್ಣು' ಎನ್ನುತ್ತಾರೆ. ಅವತ್ತಿನಿಂದ ಅವರು ನನ್ನ ಗುರು.

ಆ ಬೀದಿಯಲ್ಲಿ ಬೇಸ್ ಕಲಿಯುವುದು ಎಂಥ ಫಜೀತಿ ಎಂದು ಈಗ ಯೋಚಿಸಿದರೆ ನಗು ಬರುತ್ತದೆ. ಕರೆಂಟ್ ಇದ್ದರೆ ಮಗ್ಗಗಳು ಓಡುತ್ತಿದ್ದವು. ಬೀದಿಯ ಎರಡೂ ಕಡೆ ಟಕಟಕ ಟಕಟಕ; ಆಂಪಿನಲ್ಲಿ ಎಷ್ಟು ಏರಿಸಿದರೂ ನಮ್ಮ ಸ್ವರ ನಮಗೇ ಕೇಳಿಸುತ್ತಿರಲಿಲ್ಲ. ರಿಪೇರಿಗೆಂದು ಕರೆಂಟ್ ನಿಲ್ಲಿಸುವ ದಿನ ಬೀದಿಯೆಲ್ಲ ಗಪ್‌ಚುಪ್, ಆದರೆ ಆಗ ಆಂಪಿಗೆ ಜೀವ ಇಲ್ಲ. ಸದ್ದಿಲ್ಲದ ದಿನ ಕರೆಂಟಿಲ್ಲ, ಕರೆಂಟಿರುವ ದಿನ ಕಿವಿಯಿಲ್ಲ. ಹಾಗಾಗಿ ಮಾವ ನನಗೆ ತಮ್ಮ ಉಪಾಯ ಹೇಳಿಕೊಟ್ಟರು. ಕರೆಂಟಿಲ್ಲದ ದಿನ ಗಿಟಾರಿನ ತಲೆಯನ್ನು ಮರದ ಬಾಗಿಲಿಗೆ ಒತ್ತಿ ನುಡಿಸಬೇಕು, ಬಾಗಿಲೇ ಗುಮ್ಮೆನ್ನುತ್ತದೆ. ಮಗ್ಗ ಓಡುವಾಗ ಗಿಟಾರಿನ ಮೈಯ ಮೇಲ್ಗಡೆ ಕೊಂಬಿನ ಹಾಗೆ ಚಾಚಿದ ತುದಿಗೆ ಗದ್ದ ಊರಿ ನುಡಿಸಬೇಕು. ದವಡೆಯಿಂದ ಹತ್ತಿ ತಲೆಬುರುಡೆಯೊಳಗೆ ಸ್ವರ ಮೊಳಗುತ್ತದೆ. ಮೊದಲ ಸಲ ಹಾಗೆ ಕೇಳಿಸಿಕೊಂಡಾಗ ನನ್ನ ಮೈ ಜುಮ್ಮೆಂದಿತ್ತು.

"ಕೇಳಿಸ್ತಾ?" ಎಂದು ಮಾವ ಕೇಳಿದ್ದರು, ಸದ್ದಿಲ್ಲದೆ, ತುಟಿಯಲ್ಲೇ.

ಮಗ್ಗದ ಶೆಡ್ಡಿನಲ್ಲಿ ಬಾಳಿದವರೆಲ್ಲ ಹಾಗೆಯೇ ಮಾತಾಡುವುದು. ಆ ಗದ್ದಲದಲ್ಲಿ ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಪ್ರಯೋಜನವಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ತುಟಿ ಆಡಿಸಿದರೆ ಆ ತುದಿಯ ಮಗ್ಗದ ಹತ್ತಿರ ಇದ್ದ ಮಾವ "ಕಾಫಿ ಆಮೇಲೆ" ಎಂದು ತುಟಿಯಲ್ಲೇ ಉತ್ತರ ಕೊಡುತ್ತಿದ್ದರು. ಇಬ್ಬರೂ ಹಾಗೆ ಒಂದು ಪದವೂ ಸದ್ದಾಗದಂತೆ ಜಗಳ ಆಡಿದ್ದನ್ನೂ ನೋಡಿದ್ದೇನೆ.

ಒಂದೆರಡು ವರ್ಷ ಹೀಗೇ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು. ಬೆರಳಿಗೆ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು, ಅಷ್ಟೇ. ಕೈ ತಿದ್ದುವ ಬದಲು ಸಾಮಾನು ಕೊಳ್ಳುವ ಚಟ ನನಗೆ ಆಗಲೇ ಅಂಟಿಕೊಂಡಿತ್ತು. ಒಂದು ದಿನ ಗಿಟಾರಿನ ತಲೆಗೆ ಕಚ್ಚಿಸುವ ಚಿಕ್ಕ ಟ್ಯೂನರ್ ತರಿಸಿದೆ. ಬಟ್ಟೆ ಒಣಗಹಾಕುವ ಕ್ಲಿಪ್ಪಿನ ಗಾತ್ರ. ತಂತಿಯ ನಡುಕವನ್ನೇ ಹಿಡಿದು ಶ್ರುತಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ತಮಾಷೆಗೆ ಮಾವನ ಗಿಟಾರಿಗೆ ಕಚ್ಚಿಸಿದೆ. ನಾಲ್ಕು ತಂತಿಯೂ ಕೆಂಪು. ನಾಲ್ಕೂ ಒಂದೇ ಅಳತೆಯಲ್ಲಿ ತುಸು ಏರಿದ್ದವು.

"ಮಾವ, ಇದು ಕೊಂಜ ಏರಿದೆಯಲ್ಲ, ಶ್ರುತಿ ಯಾವುದಕ್ಕೆ ಸೇರಿಸ್ತೀರ?"

ಮಾವ ತೋರಿಸಿದರು. ಬೆಳಿಗ್ಗೆ ಮಗ್ಗ ಶುರುವಾಗುವ ಮೊದಲು ಆಂಪ್ ಹಾಕಿ, ಮಂಡಿಯನ್ನು ಅದರ ಪೆಟ್ಟಿಗೆಗೆ ಒತ್ತಿ, ಗದ್ದವನ್ನು ಗಿಟಾರಿಗೆ ಊರಿ ಕೂರುತ್ತಿದ್ದರಂತೆ. ಆಂಪಿನ ಗುಂಯ್ ಮಂಡಿಗೆ ತಟ್ಟುತ್ತದೆ, ತಂತಿಯದು ಗದ್ದಕ್ಕೆ. ಎರಡೂ ಒಂದಾಗುವವರೆಗೆ ಒಂದು ತಂತಿಯನ್ನು ತಿರುಪಿ, ಮಿಕ್ಕವನ್ನು ಅದಕ್ಕೆ ಹೊಂದಿಸುತ್ತಿದ್ದರು. ಆಮೇಲೆ ವೇದಿಕೆಯಲ್ಲಿ ಕೀಬೋರ್ಡ್ ಕೇಳಿ ಸರಿಮಾಡಿಕೊಳ್ಳುತ್ತಿರಲಿಲ್ಲವೇ ಎಂದೆ. ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು. ಮಗ್ಗ ನಿಂತಿತ್ತು. ಬೀದಿಯಲ್ಲಿ ಯಾವ ಸದ್ದೂ ಇರಲಿಲ್ಲ. ಆದರೂ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು...

ಆಗ ನನಗೆ ಗೊತ್ತಾಯಿತು. ನಲವತ್ತು ವರ್ಷದ ಮಗ್ಗ ಅವರ ಕಿವಿಯನ್ನು ತಿಂದುಹಾಕಿತ್ತು. ಕೀಬೋರ್ಡ್ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕರೆಂಟಿನ ಕೊರಗು ಯಾವ ಹಾಡಿನ ಶ್ರುತಿಯೂ ಅಲ್ಲ. ಮಾವ ಮಾತ್ರ ಅದನ್ನೇ ನಂಬಿ, ಡ್ರಮ್ಮಿನ ತಾಳವನ್ನು ವೇದಿಕೆಯ ಹಲಗೆಯಿಂದ ಅಂಗಾಲಿಗೆ ಹಿಡಿದುಕೊಂಡು, ತಂಡದವರಿಗಿಂತ ಒಂದು ಕೂದಲೆಳೆ ಮೇಲೆಯೇ ಎಷ್ಟೋ ಮದುವೆಗಳಲ್ಲಿ ನುಡಿಸಿದ್ದರು.

"ಯಾರ ಹತ್ರಾನೂ ಹೇಳ್ಬೇಡ" ಎಂದರು. "ಕಿವಿ ಹೋಗಿದೆ ಅಂತ ಗೊತ್ತಾದ್ರೆ ಅವತ್ತೇ ಇಳಿಸಿಬಿಡ್ತಾರೆ. ಮಗ್ಗ ಹೊಟ್ಟೆಪಾಡಿಗೆ ಕಣ್ಣು. ಇದೊಂದೇ ನಂಗೆ ಅಂತ ಇರೋದು."

ಟ್ಯೂನರನ್ನು ಅವರಿಗೇ ಕೊಟ್ಟುಬಿಟ್ಟೆ. ಹಸಿರು ಬರುವವರೆಗೆ ತಿರುಪಿದರೆ ಸಾಕು, ಕಿವಿಯೇ ಬೇಡ ಎಂದೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾಲ್ಕು ತಂತಿಯನ್ನೂ ಹಸಿರಿಗೆ ತಂದು, ಗದ್ದ ಊರಿ, ಒಂದೊಂದಾಗಿ ಮೀಟಿದರು. "ಇಷ್ಟು ದಿನ ಎಲ್ಲಾರೂ ಸಹಿಸ್ಕೊಂಡಿದ್ರಾ ಪಾಪ" ಎಂದು ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

ಆ ಸೀಸನ್ನಿನ ಮೊದಲ ಕಚೇರಿ ತಿರುಪ್ಪೂರಿನ ಒಂದು ಕಲ್ಯಾಣ ಮಂಟಪದಲ್ಲಿತ್ತು, ಬನಿಯನ್ ಕಂಪನಿಯವರ ಮನೆಯ ಆರತಕ್ಷತೆ. ಗಿಟಾರ್ ಹೊರುವ ನೆಪದಲ್ಲಿ ನಾನೂ ಹೋದೆ. ಮಾವ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿ, ತಲೆಗೆ ಎಣ್ಣೆ ಹಚ್ಚಿ, ಮೊದಲ ದಿನ ಶಾಲೆಗೆ ಹೊರಟವರ ಹಾಗಿದ್ದರು. ವೇದಿಕೆಯಲ್ಲಿ ಟ್ಯೂನರಿನ ಪುಟ್ಟ ದೀಪ ನಾಲ್ಕು ಸಲವೂ ಹಸಿರಾದದ್ದು ನನಗೆ ಕೆಳಗಿನಿಂದಲೇ ಕಾಣಿಸಿತು. ನಾನು ಮಂಟಪದ ನಡುವೆ ಮಿಕ್ಸರ್ ಇಟ್ಟುಕೊಂಡು ಕೂತಿದ್ದ ಸೌಂಡ್‌ನವನ ಪಕ್ಕ ಹೋಗಿ ನಿಂತೆ.

ಹಾಡು ಶುರುವಾಯಿತು. ಬೇಸ್ ಕೇಳಿಸಿತು, ಆದರೆ ಅದು ಮಾವನದಲ್ಲ. ಮಾವ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿಸಿಕೊಂಡು ಹೋಗುವವರು. ಸ್ಪೀಕರಿನಿಂದ ಬರುತ್ತಿದ್ದದ್ದು ಅಳತೆ ಮಾಡಿ ಕತ್ತರಿಸಿದಂಥ ಸದ್ದು. ಅವರ ಬೆರಳು ಜಾರಿದಾಗ ಅದು ಜಾರಲಿಲ್ಲ. ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟ ಬೇಸ್ ಓಡುತ್ತಿತ್ತು. ಮಿಕ್ಸರ್ ನೋಡಿದೆ, ಮಾವನ ಗಿಟಾರಿನ ಸದ್ದಿನ ಗುಂಡಿ ಪೂರ್ತಿ ಕೆಳಗಿತ್ತು.

"ಬೇಸ್ ಗಿಟಾರ್ ಏರಿಸಿ" ಎಂದು ಸೌಂಡ್‌ನವನಿಗೆ ತಮಿಳಿನಲ್ಲಿ ಹೇಳಿದೆ.

"ಬೇಡ ಅಂತ ತಂಡದ ಯಜಮಾನರೇ ಹೇಳಿದ್ದಾರೆ ಸಾರ್. ಆ ಹಿರಿಯರಿಗೆ ಶ್ರುತಿ ನಿಲ್ಲಲ್ಲ, ಹೋದ ಸೀಸನ್ನಿಂದ ಕಂಪ್ಲೇಂಟು. ಮನಸ್ಸು ನೋಯಿಸೋಕೆ ಆಗದೆ ನಿಲ್ಲಿಸಿಕೊಂಡಿದ್ದಾರೆ."

ಇವತ್ತು ಸರಿಯಿದೆ, ಇವತ್ತೊಂದು ದಿನ ಏರಿಸಿ ನೋಡಿ ಎಂದು ಬೇಡಿಕೊಂಡೆ. ಅವನು ನನ್ನ ಕಡೆ ತಿರುಗಲೂ ಇಲ್ಲ. ಅವನನ್ನು ಬೈದು ಏನು ಪ್ರಯೋಜನ, ಹೇಳಿದ್ದನ್ನು ಮಾಡುವವನು. ಯಜಮಾನನ ಮೇಲೂ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ವೇದಿಕೆಯ ಕಡೆ ತಿರುಗಿದೆ. ಮೇಲೆ ಮಾವ ಗಿಟಾರಿನ ಕೊಂಬಿಗೆ ಗದ್ದ ಊರಿ, ಒಂದು ಸಲ ನಮ್ಮ ಕಡೆ ನೋಡಿ, ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. ಪ್ರತಿ ಹಾಡು ಮುಗಿದಾಗಲೂ ತಂತಿ ಮೀಟಿ ಹಸಿರು ನೋಡಿಕೊಂಡರು. ಕೊನೆಯ ಹಾಡಿನವರೆಗೂ ಹಾಗೇ ನಡೆಯಿತು. ಅವರ ಒಂದು ಸ್ವರವೂ ಯಾರಿಗೂ ಕೇಳಿಸಲಿಲ್ಲ.

ಮುಗಿದ ಮೇಲೆ ಊಟದ ಹಾಲ್‌ನಲ್ಲಿ ಎಲೆ ಮುಂದೆ ಪಕ್ಕಪಕ್ಕ ಕೂತೆವು. ನಾನೇ ತಡೆಯಲಾರದೆ ಅವರ ಕಡೆ ತಿರುಗಿ, "ಚೆನ್ನಾಗಿತ್ತು ಮಾವ" ಎಂದೆ. ಮಾವ ರಸದನ್ನ ಕಲಸುತ್ತಲೇ ಇದ್ದರು.

"ಮಿಕ್ಸರ್ ಹತ್ರ ನೀ ಕೇಳಿದ್ದು ನೋಡ್ದೆ ಕಣ್ಣು" ಎಂದರು. "ಅವನು ಹೇಳಿದ್ದೂ ನೋಡ್ದೆ."

ಅಷ್ಟು ದೂರದಿಂದ, ಅಷ್ಟು ದೀಪಗಳ ನಡುವೆ ನಮ್ಮಿಬ್ಬರ ತುಟಿ ಓದಿಕೊಂಡಿದ್ದರು. ಶೆಡ್ಡಿನ ಮನುಷ್ಯ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಮೊದಲ ಹಾಡಿನಲ್ಲೇ ಎಲ್ಲ ಗೊತ್ತಾಗಿಯೂ ಕೊನೆಯವರೆಗೆ ನುಡಿಸಿದ್ದರು.

"ಆದ್ರೂ ಒಂದು ಸುರಾನೂ ಬಿಡ್ಲಿಲ್ಲ" ಎಂದರು ಮಾವ. "ಇವತ್ತು ಸುರುತಿ ಸೇರಿತ್ತು. ಗದ್ದಕ್ಕೆ ಗೊತ್ತಾಗ್ತಿತ್ತು." ಆಮೇಲೆ ಬಡಿಸುವವನನ್ನು ಕರೆದು ನನ್ನ ಎಲೆಗೆ ಪಾಯಸ ಹಾಕಿಸಿದರು.

ಮುಂದಿನ ಕಚೇರಿಗೆ ಮೊದಲು ಮಾವ ತಾವಾಗಿಯೇ ಮಂಡಿನೋವೆಂದು ಯಜಮಾನನಿಗೆ ಹೇಳಿ ಕಳಿಸಿದರು. ಮಾವನನ್ನು ಬೇಡವೆನ್ನುವ ಕಷ್ಟ ಅವನಿಗೆ ಹಾಗೆ ತಪ್ಪಿತು. ಹಿತ್ತಿಲ ಒಲೆಯ ಮೇಲೆ ತಂತಿ ಕುದಿಸುವುದೂ ನಿಂತಿತು. ಕರೆಂಟಿಲ್ಲದ ದಿನ ಮಾತ್ರ ಬಾಗಿಲು ಗುಮ್ಮೆನ್ನುವುದು ಕೇಳಿಸುತ್ತಿತ್ತು, ಅದೂ ಅಪರೂಪಕ್ಕೆ... ಸ್ವಲ್ಪ ಕಾಲದ ಮೇಲೆ ನಾನು ಕೆಲಸ ಬದಲಿಸಿ ಪೀಳಮೇಡಿಗೆ ಬಂದೆ. ಮಾವ ಹೋದ ಸುದ್ದಿ ಫೋನಿನಲ್ಲಿ ಬಂತು. ಅತ್ತೆ ಮಗಳ ಮನೆಗೆ ಹೋದರು. ಶೆಡ್ಡು ಈಗ ರಟ್ಟಿನ ಪೆಟ್ಟಿಗೆ ತುಂಬುವ ಗೋಡೌನು. ಆ ಗಿಟಾರ್ ಏನಾಯಿತೆಂದು ಕೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.

ಭಾನುವಾರ ತಂತಿ ಒರೆಸಿ, ಒಣಗಿಸಿ, ಮತ್ತೆ ಕಟ್ಟಿದೆ. ಕಪಾಟಿನಲ್ಲಿ ಗಿಟಾರಿನ ಸದ್ದು ಬದಲಿಸುವ ಮೂರು ಪೆಡಲ್, ಎರಡು ಆಂಪ್, ತಲೆಗೆ ಹಾಕುವ ಒಳ್ಳೆಯ ಹೆಡ್‌ಫೋನ್ ಇವೆ. ಇದೊಂದು ಬಂದರೆ ಕೈ ಪಳಗುತ್ತದೆ ಎಂದು ಪ್ರತಿಯೊಂದನ್ನು ತರಿಸುವಾಗಲೂ ಅಂದುಕೊಂಡಿದ್ದೆ. ಕೈ ಹಾಗೇ ಇದೆ. ಅವುಗಳಲ್ಲಿ ಯಾವುದಕ್ಕೂ ಕೇಬಲ್ ಚುಚ್ಚಲು ಮನಸ್ಸಾಗದೆ, ಗಿಟಾರಿನ ಕೊಂಬಿಗೆ ಗದ್ದ ಊರಿ ಆ ತಿರುಪ್ಪೂರಿನ ಮೊದಲ ಹಾಡನ್ನು ಶುರುಮಾಡಿದೆ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಏನೂ ಕೇಳಿಸ್ತಾನೇ ಇಲ್ವಲ್ಲ, ಕೆಟ್ಟುಹೋಯ್ತಾ?"

"ಇಲ್ಲ, ಕೇಳಿಸ್ತಿದೆ" ಎಂದೆ.

ನನ್ನ ಕಿವಿ ಇನ್ನೂ ಚೆನ್ನಾಗಿಯೇ ಇದೆ. ಆದರೂ ಎರಡನೇ ಚರಣದಲ್ಲಿ ಎರಡು ಸ್ವರ ಬಿಟ್ಟೆ. ಬೆರಳು ನೋಡಿಯೇ ತಪ್ಪು ಹಿಡಿಯಲು ಎದುರಿಗೆ ಮಾವ ಇರಲಿಲ್ಲ.