ಮರಿ ಬೇಕೋ, ಬೆಳೆದದ್ದು ಬೇಕೋ

ಮಾರ್ಲಿಸ್‌ಗೆ ಹಾವು ಸಾಕುವ ಆಸೆ ಹುಟ್ಟಿದ್ದು ಒಂಬತ್ತನೇ ವಯಸ್ಸಿನಲ್ಲಿ. ಅದು ಕೈಗೂಡುವ ಹೊತ್ತಿಗೆ ಅರವತ್ತಮೂರು ತುಂಬಿತ್ತು. ನಡುವಿನ ವರ್ಷಗಳೆಲ್ಲ ಬೇರೆಯವರ ಹೆದರಿಕೆಗೆ ಹೋದವು. ಮೊದಲು ಅಮ್ಮನದು, ಆಮೇಲೆ ಗಂಡ ವೆಂಡೆಲ್‌ನದು. ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು ಅವಳು. ಯಾವ ಮಗುವಿಗೆ ಏನು ಸೇರುವುದಿಲ್ಲ ಎಂಬುದು ಬಾಯಿಪಾಠವಾಗಿತ್ತು. ಗಂಡನಿಗೆ ಸೇರದ್ದನ್ನೂ ಹಾಗೆಯೇ ನೆನಪಿಟ್ಟುಕೊಂಡು ಸುಮ್ಮನಿದ್ದಳು.

ವೆಂಡೆಲ್ ಜನರ ಮನೆಗಳ ನೆಲಮಾಳಿಗೆಯಲ್ಲಿ ತೆವಳಿಕೊಂಡು ನಲ್ಲಿ, ಕೊಳಾಯಿ ರಿಪೇರಿ ಮಾಡುವ ಗಟ್ಟಿ ಆಳು. ಹಾವು ಮಾತ್ರ ಟಿವಿಯಲ್ಲಿ ಕಂಡರೂ ಎದ್ದು ಹೋಗುತ್ತಿದ್ದ.

ಮಾರ್ಲಿಸ್ ನಿವೃತ್ತಳಾದ ದಿನ ಜೊತೆಯವರು ಇನ್ನು ಮೇಲೆ ಏನು ಮಾಡುತ್ತೀ ಎಂದು ಕೇಳಿದರು. ಹಾವು ಸಾಕುತ್ತೇನೆ ಎಂದಳು. ಎಲ್ಲರೂ ನಕ್ಕರು, ವೆಂಡೆಲ್ ನಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅರ್ಧ ದೂರ ಬಂದಾಗ ಗಾಡಿಯ ವೇಗ ಇಳಿಸಿದ.

"ಮರಿ ಆದ್ರೆ ತಗೋ," ಎಂದ ಆಮೇಲೆ. "ನನ್ನ ಕಿರುಬೆರಳಿಗಿಂತ ದಪ್ಪ ಇರಬಾರದು."

ಅಕ್ಟೋಬರ್ ಕೊನೆಯ ಶನಿವಾರ ಜಿಲ್ಲಾ ಮೈದಾನದ ಸಭಾಂಗಣದಲ್ಲಿ ಹಾವು, ಹಲ್ಲಿ, ಆಮೆಗಳ ಸಂತೆ. ವೆಂಡೆಲ್ ಪೇಪರು ಹಿಡಿದುಕೊಂಡು ಗಾಡಿಯಲ್ಲೇ ಕುಳಿತ. ಒಳಗೆ ಟಾನ್ಯಾ ಎಂಬ ಹೆಂಗಸಿನ ಮೇಜಿನ ಮೇಲೆ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಚೆಂಡು ಹೆಬ್ಬಾವಿನ ಮರಿಗಳಿದ್ದವು. ಹೆಬ್ಬಾವಿನ ಕುಲದಲ್ಲೇ ಸಣ್ಣದು, ವಿಷವಿಲ್ಲದ್ದು; ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಬೆಲ್ಲದ ಬಣ್ಣದ ಮರಿಯೊಂದು ಮಾರ್ಲಿಸ್‌ಳ ಅಂಗೈಯಲ್ಲೂ ಹಾಗೇ ಸುತ್ತಿಕೊಂಡಿತು.

ಟಾನ್ಯಾ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಮರಿ ಮುದ್ದಾಗಿರುತ್ತೆ ಮೇಡಂ, ಆದ್ರೆ ಅದಕ್ಕೆ ಎಲ್ಲಾನೂ ಹೆದರಿಕೆ. ಬೆಳೆದದ್ದಾದ್ರೆ ಗುಣ ಏನು ಅಂತ ಆಗ್ಲೇ ಗೊತ್ತಾಗಿರುತ್ತೆ. ಇನ್ನೊಂದು, ಇವು ಮೂವತ್ತು ವರ್ಷ ಬದುಕ್ತವೆ."

ಮಾರ್ಲಿಸ್ ಮನಸ್ಸಿನಲ್ಲೇ ಕೂಡಿ ನೋಡಿದಳು. "ಅಷ್ಟೊತ್ತಿಗೆ ನನಗೇ ಯಾರೋ ತುತ್ತು ತಿನ್ನಿಸ್ತಿರ್ತಾರೆ ಬಿಡಿ," ಎಂದಳು.

ಅದೇ ಮೇಜಿನ ತುದಿಯಲ್ಲಿ ಆರ್ಲೋ ಎಂಬ ಮುದುಕ ಕುಳಿತಿದ್ದ. ಪಿಯಾನೊಗಳಿಗೆ ಶ್ರುತಿ ಮಾಡಿ ಬದುಕಿದವನು. ಎರಡು ವರ್ಷದಿಂದ ಕೈ ನಡುಗುವ ಕಾಯಿಲೆ. ಅವನ ತೊಡೆಯ ಮೇಲೆ ಓಪಲ್, ಹನ್ನೊಂದು ವರ್ಷದ ಹೆಣ್ಣು ಹಾವು, ಮಾರ್ಲಿಸ್‌ಳ ಮುಂಗೈಯಷ್ಟು ದಪ್ಪ. ಒಳ್ಳೆಯ ಮನೆ ಸಿಕ್ಕರೆ ಸುಮ್ಮನೆ ಕೊಡುತ್ತೇನೆಂದು ಬಂದಿದ್ದ. ಮಾರ್ಲಿಸ್ ಮುಟ್ಟಿದಾಗ ಓಪಲ್ ಸುತ್ತಿಕೊಳ್ಳಲಿಲ್ಲ. ನಾಲಗೆ ಚಾಚಿ ಅವಳ ಮಣಿಕಟ್ಟಿನ ವಾಸನೆ ನೋಡಿದಳು. ಮಾರ್ಲಿಸ್‌ಳ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಆದರೆ ಗಂಡನಿಗೆ ಕೊಟ್ಟ ಮಾತು ಮಾತೇ. ಮರಿಯನ್ನೇ ಕೊಡಿ ಎಂದು ಪರ್ಸು ತೆಗೆದಳು.

ಅಷ್ಟರಲ್ಲಿ ವೆಂಡೆಲ್ ಶೌಚಾಲಯ ಹುಡುಕಿಕೊಂಡು ಒಳಗೆ ಬಂದ. ಟಾನ್ಯಾ ಮರಿಯನ್ನು ಡಬ್ಬಿಗೆ ಇಳಿಸುತ್ತಿದ್ದಳು. ಅದು ಗಾಬರಿಯಾಗಿ ಅವಳ ಬೆರಳಿಗೆ ಬಾಯಿ ಹಾಕಿತು. ಸಾಸಿವೆಯಷ್ಟು ರಕ್ತ. ವೆಂಡೆಲ್ ಹಿಂದೆ ಸರಿದವನು ಆರ್ಲೋನ ಪಕ್ಕಕ್ಕೇ ಬಂದು ನಿಂತ. ಆರ್ಲೋ ಓಪಲ್‌ಳನ್ನು ದಿಂಬಿನ ಚೀಲಕ್ಕೆ ಇಳಿಸಲು ಹೆಣಗುತ್ತಿದ್ದ. ಅರ್ಧ ಒಳಗೆ, ಅರ್ಧ ಹೊರಗೆ.

"ಸ್ವಲ್ಪ ಹಿಡೀತೀರಾ ಸಾರ್?" ಎಂದ. "ಈ ಕೈ ನಾನು ಹೇಳಿದ್ದು ಕೇಳಲ್ಲ."

ಸ್ವಲ್ಪ ಕೈ ಹಾಕಿ ಎಂದವರಿಗೆ ವೆಂಡೆಲ್ ಜನ್ಮದಲ್ಲಿ ಇಲ್ಲ ಎಂದವನಲ್ಲ. ಯೋಚಿಸುವ ಮೊದಲೇ ಎರಡೂ ಕೈ ಮುಂದಾಗಿದ್ದವು. ಓಪಲ್ ಅವನ ತೋಳಿಗೆ ಒಂದು ಸುತ್ತು ಹಾಕಿ ನಿಂತಳು. ಅವನ ಮುಖ ಸುಣ್ಣವಾಯಿತು.

"ಅವಳಿಗೂ ಭಯಾನೇ ಸಾರ್. ನೀವು ಅಲ್ಲಾಡದಿದ್ರೆ ಅವಳೂ ಅಲ್ಲಾಡಲ್ಲ."

ಇಬ್ಬರೂ ಅಲ್ಲಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ವೆಂಡೆಲ್, "ತಣ್ಣಗೆ ಲೋಳೆ ಲೋಳೆಯಾಗಿರುತ್ತೆ ಅಂದ್ಕೊಂಡಿದ್ದೆ," ಎಂದ. "ಸ್ವಲ್ಪಾನೂ ಒದ್ದೆ ಇಲ್ಲ." ಆಮೇಲೆ ಕತ್ತು ತಿರುಗಿಸದೆಯೇ, "ಮಾರ್ಲಿಸ್, ಆ ಕಿರುಬೆರಳಿನ ಮಾತು ಬಿಟ್ಟಾಕು," ಎಂದ.

ಹೀಗೆ ಮರಿ ಅಲ್ಲೇ ಉಳಿದು, ಓಪಲ್ ಮನೆಗೆ ಬಂದಳು. ಬಂದವಳು ಊಟ ಮುಟ್ಟಲಿಲ್ಲ. ಮಾರ್ಲಿಸ್ ವಾರಕ್ಕೊಮ್ಮೆ, ಹಾವಿಗೆಂದೇ ಅಂಗಡಿಯಲ್ಲಿ ಸಿಗುವ ಮಂಜುಗಟ್ಟಿದ ಇಲಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಇಡುತ್ತಿದ್ದಳು. ಬೆಳಿಗ್ಗೆ ಅದು ಇಟ್ಟಲ್ಲೇ ಇರುತ್ತಿತ್ತು. ನವೆಂಬರ್ ಹೋಯಿತು, ಕ್ರಿಸ್ಮಸ್ ಹೋಯಿತು. ಮರಿಯನ್ನೇ ತರಬೇಕಿತ್ತೇನೋ, ಮುದುಕನಿಂದ ಕಿತ್ತುಕೊಂಡು ಬಂದು ಕೊಲ್ಲುತ್ತಿದ್ದೇನೋ ಎಂದು ಅವಳಿಗೆ ಕಳವಳ. ಕೊನೆಗೆ ಆರ್ಲೋಗೆ ಫೋನ್ ಮಾಡಿದಳು.

"ನೀವು ಎದುರಿಗೆ ನಿಂತ್ರೆ ಅವಳು ತಿನ್ನಲ್ಲಮ್ಮ," ಎಂದ ಅವನು. "ಚಳಿಗಾಲ, ಹೊಸ ಮನೆ ಬೇರೆ. ತೂಕ ಇಳೀತಿಲ್ಲ ಅಂದ್ರೆ ಕಾಯಿರಿ."

ಪ್ರತಿ ಭಾನುವಾರ ಹಿಟ್ಟು ತೂಗುವ ತಕ್ಕಡಿಯಲ್ಲಿ ಓಪಲ್‌ಳ ತೂಕ ನೋಡತೊಡಗಿದಳು. ವೆಂಡೆಲ್ ಗೊಣಗಿಕೊಂಡು ಅಡುಗೆಮನೆಗೆ ಬೇರೆ ತಕ್ಕಡಿ ತಂದ. ತೂಕ ಹೆಚ್ಚೂಕಡಿಮೆ ಇದ್ದಷ್ಟೇ ಇತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಅವನೇ ಒಳಕೋಣೆಯಿಂದ ಪಿಸುದನಿಯಲ್ಲಿ ಕರೆದ. ಓಪಲ್‌ಳ ಬಾಯಿಂದ ಇಲಿಯ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಇಬ್ಬರೂ ಬಾಗಿಲಲ್ಲೇ ನಿಂತು ನೋಡಿದರು. ಮಾರ್ಲಿಸ್ ಫೋನಿನಲ್ಲಿ ಆರ್ಲೋಗೆ ಸುದ್ದಿ ಹೇಳಿದಳು. ಅವನು, ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದ.

ಅವನನ್ನು ಕರೆತರಲು ವೆಂಡೆಲ್ ತಾನೇ ಹೋದ. ಸೋಫಾದಲ್ಲಿ ಕೂರಿಸಿ, ಓಪಲ್‌ಳನ್ನು ತಂದು ಅವನ ತೊಡೆಯ ಮೇಲಿಟ್ಟ. ಅವನ ನಡುಗುವ ಕೈಗಳ ಕೆಳಗೆ ತನ್ನ ಕೈ ಕೊಟ್ಟು ಪಕ್ಕದಲ್ಲೇ ಕುಳಿತ. ಮಾರ್ಲಿಸ್ ಕಾಫಿಗೆ ನೀರಿಟ್ಟಳು.